ಪಥ್ಯದ ಮ್ಯಾನೇಜರ್ ಮಾವ

ಮಂಗಳೂರಿನಲ್ಲಿ ಬೆಳಿಗ್ಗೆ ಮೊದಲು ಕೇಳುವ ಸದ್ದು ಯಾವುದು ಎಂದು ಪರವೂರಿನವರು ಕೇಳಿದರೆ ನಾವು ದೇವಸ್ಥಾನದ ಸುಪ್ರಭಾತ, ಮಸೀದಿಯ ಬಾಂಗು, ಇಗರ್ಜಿಯ ಗಂಟೆ ಎಂದೆಲ್ಲ ಹೇಳಿ ಊರಿನ ಮರ್ಯಾದೆ ಉಳಿಸುತ್ತೇವೆ. ಫ್ಲ್ಯಾಟಿನಲ್ಲಿ ಇರುವವರಿಗೆ ಮಾತ್ರ ನಿಜ ಗೊತ್ತುಂಟು. ಅದು ಮೂರನೇ ಮಾಳಿಗೆಯ ಮ್ಯಾನೇಜರ್ ಮಾವನ ಗ್ರೈಂಡರ್.

ಮ್ಯಾನೇಜರ್ ಮಾವ ಒಬ್ಬರೇ ಎಂದು ತಿಳಿಯಬೇಡಿ. ಬಿಜೈಯಲ್ಲಿ, ಮಣ್ಣಗುಡ್ಡದಲ್ಲಿ, ಉರ್ವದಲ್ಲಿ, ಕಂಕನಾಡಿಯಲ್ಲಿ ಕಟ್ಟಡಕ್ಕೊಬ್ಬರಂತೆ ಸಿಗುತ್ತಾರೆ. 1906ರಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ, 1931ರಲ್ಲಿ ವಿಜಯಾ ಎಂದು ಸಾಲುಸಾಲಾಗಿ ಬ್ಯಾಂಕು ಹೆತ್ತ ಊರಿನಲ್ಲಿ ನಿವೃತ್ತ ಮ್ಯಾನೇಜರುಗಳಿಗೆ ಎಂತ ಬರಗಾಲ? 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನೊಳಗೆ ಹೋಯಿತು, 2020ರಲ್ಲಿ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಬೋರ್ಡುಗಳೇ ಇಳಿದ ಮೇಲೆ ಮಾವನಿಗೆ ಮ್ಯಾನೇಜ್ ಮಾಡಲು ಉಳಿದದ್ದು ಎರಡೇ. ಒಂದು ಫ್ಲ್ಯಾಟಿನ ಅಸೋಸಿಯೇಶನ್, ಇನ್ನೊಂದು ಸ್ವಂತ ಶುಗರ್. ಎರಡೂ ಅವರ ಮಾತು ಕೇಳುವುದಿಲ್ಲ. ಆದರೆ ಶುಗರ್ ಮೀಟಿಂಗಿನಲ್ಲಿ ಎದ್ದು ನಿಂತು ಲೆಕ್ಕ ಕೇಳುವುದಿಲ್ಲ.

ರಿಪೋರ್ಟು ಬಂದ ದಿನ ಡಾಕ್ಟ್ರು ಹೇಳಿದ್ದು ಇಷ್ಟೇ: ಮಾತ್ರೆ ತಪ್ಪಿಸಬೇಡಿ, ದಿನಾ ನಡೆಯಿರಿ, ಸಕ್ಕರೆ, ಮೈದಾ, ಬೆಳ್ತಿಗೆ ಅನ್ನ ಕಡಿಮೆ ಮಾಡಿ, ಕುಚ್ಚಲಕ್ಕಿ ಗಂಜಿಯನ್ನು ಅಳತೆಯಲ್ಲಿ ಉಣ್ಣಿ, ಪಲ್ಯ ಜಾಸ್ತಿ ಹಾಕಿಕೊಳ್ಳಿ. ಮಾವನ ಕಿವಿಗೆ ಬಿದ್ದದ್ದು ‘ಅಡುಗೆಮನೆಯ ಚಾರ್ಜ್ ತೆಗೆದುಕೊಳ್ಳಿ’ ಎಂದು. ಸರ್ವಿಸಿನಲ್ಲಿ ಇದ್ದಷ್ಟು ಕಾಲ ಚಾ ಬೇಕಾದರೆ ಸೋಫಾದಿಂದಲೇ ಕೆಮ್ಮುತ್ತಿದ್ದವರು ಮರುದಿನವೇ ಬನಿಯನ್ ಮೇಲೆ ಬೈರಾಸು ಹಾಕಿಕೊಂಡು ಒಳಗೆ ಬಂದು ಡಬ್ಬಗಳ ಇನ್‌ಸ್ಪೆಕ್ಷನ್ ಮಾಡಿದರು. ಸಕ್ಕರೆ, ಮೈದಾ, ಚಿರೋಟಿ ರವೆ ಮೂರೂ ಅಮಾನತು. ಕುಚ್ಚಲಕ್ಕಿಯ ಡಬ್ಬ ಮೂಲೆಗೆ ಹೋಯಿತು. ಅದರ ಮೇಲಿದ್ದ ಆರೋಪ ಒಂದೇ. ಗಂಜಿ ಬೇಯಿಸಲು ಗ್ರೈಂಡರ್ ಬೇಡ.

ಗ್ರೈಂಡರ್ ಅಷ್ಟರಲ್ಲಿ ಮನೆಗೆ ಬಂದಾಗಿತ್ತು. ಎರಡು ಲೀಟರಿನದ್ದು, ಕೊಯಮತ್ತೂರಿನದ್ದು. ಕೊಯಮತ್ತೂರಿನ ಗ್ರೈಂಡರಿಗೆ ನಮ್ಮ ಉಡುಪಿ ಮಲ್ಲಿಗೆಯ ಹಾಗೆಯೇ ಜಿಐ ಮಾನ್ಯತೆ ಉಂಟು ಎಂಬುದನ್ನು ಲಿಫ್ಟಿನಲ್ಲಿ ಸಿಕ್ಕಿದ ಎಲ್ಲರಿಗೂ ಹೇಳಿ ಮುಗಿಸಿದ್ದಾರೆ. ಮಿಕ್ಸಿಯನ್ನು ಕಂಡರೆ ಅವರಿಗೆ ಆಗದು. “ಹಿಟ್ಟು ಬಿಸಿಯಾಗ್ತದೆ ಮಾರಾಯ್ರೆ, ಸತ್ವ ಸಾಯ್ತದೆ.” ಹಾಗಾದರೆ ಅಜ್ಜಿಯ ಕಡೆಯುವ ಕಲ್ಲೇ ಇತ್ತಲ್ಲ, ಅದರಲ್ಲಿ ಕಡೆಯಬಹುದಿತ್ತಲ್ಲ ಎಂದು ಕೇಳಿದರೆ ಮಾವನಿಗೆ ಫೋನ್ ಬರುತ್ತದೆ. ಆ ಕಲ್ಲು ಈಗ ಬಾಲ್ಕನಿಯಲ್ಲಿ ಮನಿಪ್ಲಾಂಟಿನ ಕುಂಡ ಹೊತ್ತುಕೊಂಡಿದೆ.

ಕರಾವಳಿಯವರು ಅಕ್ಕಿಯ ಜನ. ದೋಸೆ, ಪುಂಡಿ, ಸೇಮೆ, ಮೂಡೆ, ರೊಟ್ಟಿ ಎಲ್ಲವೂ ಅಕ್ಕಿಯ ಮಕ್ಕಳೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ್ದೇ ತಡ, ಸಾಮೆ, ನವಣೆ, ಊದಲು, ಹಾರಕ, ಕೊರಲೆ ಎಲ್ಲ ಶಿರಾಡಿ ಘಾಟಿ ಇಳಿದು ಮಾವನ ಅಡುಗೆಮನೆಗೆ ಬಂದು ಕೂತವು. ದಪ್ಪ ರಟ್ಟಿನ ಹಳೆಯ ಡೈರಿಯಲ್ಲಿ ಧಾನ್ಯದ ಹೆಸರು, ನೆನೆಸಿದ ಗಂಟೆ, ಹಾಕಿದ ನೀರು, ಅರೆದ ನಿಮಿಷ ಎಂದು ನಾಲ್ಕು ಕಾಲಂ. ಐದನೆಯದು ‘ಷರಾ’. ಅದರಲ್ಲಿ ಎಲ್ಲ ದಿನವೂ ‘ತೃಪ್ತಿಕರ’. ರುಚಿ ಎಂಬ ಕಾಲಂ ಇಲ್ಲ.

ಸಾಮೆಯ ನೀರುದೋಸೆ ಮಾಡಿದ ದಿನ ನಾನು ಹಾಲಿನ ಕೂಪನ್ ಕೊಡಲು ಹೋಗಿ ಸಿಕ್ಕಿಬಿದ್ದೆ. ನೀರುದೋಸೆ ಎಂದರೆ ಹಿಟ್ಟು ಎರೆದ ಕೂಡಲೇ ಕಾವಲಿಯ ತುಂಬ ತೂತು ಬಿದ್ದು, ಒಂದು ನಿಮಿಷದಲ್ಲಿ ಅಂಚು ಬಿಟ್ಟುಕೊಂಡು, ಬೆರಳಲ್ಲಿ ಹಿಡಿದರೆ ಕರ್ಚೀಫಿನ ಹಾಗೆ ಮಡಚಿಕೊಂಡು ಬರಬೇಕು. ಇದು ತೂತು ಬಿಡಲಿಲ್ಲ, ಅಂಚು ಬಿಡಲಿಲ್ಲ, ಕಡೆಗೆ ಕಾವಲಿಯನ್ನೇ ಬಿಡಲಿಲ್ಲ. ಅತ್ತೆ ಸಟ್ಟುಗದಿಂದ ಕೆರೆದು ತಟ್ಟೆಗೆ ಹಾಕಿದರು.

“ದೋಸೆ ಏಳಲಿಲ್ಲ,” ಎಂದರು ಅತ್ತೆ.

“ಅದು ಏಳ್ಬೇಕಂತ ಎಂತ ಇಲ್ಲ ಇವಳೇ, ಫೈಬರ್ ಹೊಟ್ಟೆಗೆ ಹೋದ್ರೆ ಆಯ್ತು,” ಎಂದರು ಮಾವ.

ನವಣೆಯ ಪುಂಡಿ ಇನ್ನೂ ಗಟ್ಟಿ ಕುಳ. ಕೈಗೆ ಸಿಕ್ಕಿತು, ಹಲ್ಲಿಗೆ ಸಿಗಲಿಲ್ಲ. ಕೊಲೆಸ್ಟರಾಲ್ ಎಂದು ಮಸಾಲೆಯಿಂದ ತೆಂಗಿನಕಾಯಿಯನ್ನು ತೆಗೆದು ಸೋರೆಕಾಯಿ ಹಾಕಿ ಅರೆದ ದಿನ, ಮಂಗಳೂರಿನ ಒಂದು ಮನೆಯಲ್ಲಿ ಇಂಥದ್ದು ನಡೆಯಿತೆಂದು ಹೊರಗೆ ಹೇಳಬೇಡಿ ಎಂದು ಅತ್ತೆ ಕೈ ಹಿಡಿದು ಕೇಳಿಕೊಂಡಿದ್ದರು. ಬಂಗುಡೆ ಪುಳಿಮುಂಚಿಯೊಂದು ಬಚಾವಾಯಿತು. ಅದಕ್ಕೆ ಮೊದಲಿನಿಂದಲೂ ಕಾಯಿ ಹಾಕುವ ಕ್ರಮ ಇಲ್ಲ.

ಅರೆಯುವುದಕ್ಕಿಂತ ದೊಡ್ಡ ಕೆಲಸ ತೊಳೆಯುವುದು ಎಂದು ಗ್ರೈಂಡರ್ ಇರುವ ಮನೆಯವರಿಗೆಲ್ಲ ಗೊತ್ತು. ತಳದಲ್ಲೇ ಕಲ್ಲು ಕೂತಿರುವ ಪಾತ್ರೆಯನ್ನು ಎರಡು ಕೈಯಲ್ಲಿ ಅಪ್ಪಿ ಸಿಂಕಿಗೆ ಒಯ್ಯಬೇಕು. ಗುಂಡುಗಳನ್ನು ಬಿಚ್ಚಿ, ಅವುಗಳ ತೂತಿನೊಳಗೆ ಹೊಕ್ಕ ಹಿಟ್ಟನ್ನು ಹಳೆಯ ಟೂತ್‌ಬ್ರಷ್ಷಿನಿಂದ ತೆಗೆಯಬೇಕು. ಒಣಗಿದರೆ ಮುಗಿಯಿತು, ಮತ್ತೆ ನೆನೆಹಾಕಬೇಕು. ಇಲ್ಲಿ ಮಾವ ಬ್ಯಾಂಕಿನ ಶಿಸ್ತು ಬಿಟ್ಟವರಲ್ಲ. ಸ್ವಿಚ್ ಹಾಕುವುದು ಆಫೀಸರ್ ಕೆಲಸ, ತೊಳೆಯುವುದು ಅಟೆಂಡರ್ ಕೆಲಸ. ಅಟೆಂಡರ್ ಪೋಸ್ಟಿಗೆ ಅತ್ತೆಯ ನೇಮಕಾತಿ ಖಾಯಂ.

ಆಟಿ ಅಮಾವಾಸ್ಯೆಯಂದು ತುಳುನಾಡಿನಲ್ಲಿ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ಕ್ರಮ. ಬೆಳಕು ಹರಿಯುವ ಮೊದಲು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಮರ ಗೊತ್ತಿದ್ದವರೇ ತರಬೇಕು, ಕತ್ತಲಲ್ಲಿ ಕಾಸರಕನ ತೊಗಟೆ ತಂದು ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಆಮೇಲೆ ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ರಸ ಹಿಂಡಿ ಕುಡಿದು, ಮೇಲೆ ಮೆಂತೆ ಗಂಜಿ ಉಂಡರೆ ಆ ವರ್ಷದ ಲೆಕ್ಕ ಚುಕ್ತಾ. ಮರ ಬಲ್ಲವರು ತಂದುಕೊಟ್ಟ ಕೆತ್ತೆಯನ್ನು ಮಾವ ಗ್ರೈಂಡರಿಗೆ ಹಾಕಿದರು. ಕಷಾಯ ಆಯಿತು. ಆದರೆ ಕಲ್ಲಿಗೆ ಹಿಡಿದ ಕಹಿ ಬಿಡಲಿಲ್ಲ. ಆ ವಾರ ಅರೆದ ದೋಸೆ ಕಹಿ, ಚಟ್ನಿ ಕಹಿ. “ಕಹಿ ಶುಗರಿಗೆ ಒಳ್ಳೆಯದೇ,” ಎಂದು ಮಾವ ಷರಾ ಬರೆದರು.

ಪಥ್ಯಕ್ಕೆ ವಿನಾಯಿತಿಗಳೂ ಉಂಟು. ಪ್ರಸಾದಕ್ಕೆ ಶುಗರ್ ಇಲ್ಲ. ನೇಮದ ಊಟ ಬಿಟ್ಟರೆ ದೈವಕ್ಕೆ ಬೇಸರ. ಮದುವೆಯಲ್ಲಿ ಹೋಳಿಗೆ ಬೇಡವೆಂದರೆ ಬೀಗರಿಗೆ ಬೇಸರ. ಕೋರಿರೊಟ್ಟಿಗೆ ಕರೆದವರಿಗೆ ಬೇಸರ ಮಾಡುವ ಕೆಟ್ಟ ಬುದ್ಧಿ ಅವರಿಗಿಲ್ಲ. ಮೊಮ್ಮಕ್ಕಳು ಬೆಂಗಳೂರಿನಿಂದ ಬಂದಾಗ ಐಡಿಯಲ್‌ನ ಗಡ್‌ಬಡ್ ಗ್ಲಾಸಿನ ತಳದಲ್ಲಿ ಉಳಿದದ್ದನ್ನು ತಿನ್ನುವುದು ಅನ್ನಕ್ಕೆ ಕೊಡುವ ಮರ್ಯಾದೆ. ಮೊಮ್ಮಗ ಬೇಗ ಸಾಕು ಅನ್ನಲಿ ಎಂದು ಮಧ್ಯೆಮಧ್ಯೆ ‘ಶೀತ ಆಗ್ತದೆ ಮಗಾ’ ಎನ್ನುವುದು ಅಜ್ಜನ ಕಾಳಜಿ. ದಿನಾ ಬೆಳಿಗ್ಗೆ ಗ್ರೈಂಡರ್ ಹಾಕಿ, ಅದು ತಿರುಗುತ್ತಿರುವಾಗಲೇ ಕದ್ರಿ ಪಾರ್ಕಿಗೆ ವಾಕಿಂಗ್. ಮೂರು ಸುತ್ತು ಹಾಕಿದ ಮೇಲೆ ಗೆಳೆಯರ ಜೊತೆ ಹೋಟೆಲು. ಅಲ್ಲಿ ಮಾವನ ಕಟ್ಟುನಿಟ್ಟು ನೋಡಬೇಕು. ಹುಡುಗನನ್ನು ಹತ್ತಿರ ಕರೆದು, ಎರಡು ಸಲ ಒತ್ತಿ ಹೇಳುತ್ತಾರೆ, “ಚಾಕ್ಕೆ ಸಕ್ಕರೆ ಹಾಕ್ಬಾರ್ದು ಆಯ್ತಾ?” ಗೋಳಿಬಜೆ ಎರಡು ಪ್ಲೇಟ್ ಬರುತ್ತದೆ. ಬನ್ಸ್ ಬಿಸಿ ಇದ್ದರೆ ಅದೂ ಒಂದು.

2023ರಲ್ಲಿ ಹೊರಬಿದ್ದ ಐಸಿಎಂಆರ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದಿತ್ತು. ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತಾ ಮಾವ ಈ ಅಂಕಿಯನ್ನು ಬ್ಯಾಂಕಿನ ಠೇವಣಿಯ ಗತ್ತಿನಲ್ಲಿಯೇ ಹೇಳುತ್ತಾರೆ.

ಮೊದಲೆಲ್ಲ ಖಾಲಿ ಹೊಟ್ಟೆಯ ಪರೀಕ್ಷೆಗೆ ಎರಡು ದಿನ ಮೊದಲು ಬರೀ ಪಲ್ಯ ತಿಂದು ಮಾವ ರಿಪೋರ್ಟನ್ನು ಚಂದ ಮಾಡಿಸುತ್ತಿದ್ದರು. ಮಾರ್ಚ್ ಕೊನೆಯಲ್ಲಿ ಡೆಪಾಸಿಟ್ ತೋರಿಸಿ ಪಳಗಿದ ಕೈ. ಎಚ್‌ಬಿಎವನ್‌ಸಿ ಎಂಬುದರ ಹತ್ತಿರ ಈ ಆಟ ನಡೆಯಲಿಲ್ಲ. ಅದು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಆರೂವರೆ ಮುಟ್ಟಿದರೆ ಮಧುಮೇಹ. ಅಂಕಿ ಏರಿದ್ದಕ್ಕೆ ಡಾಕ್ಟ್ರು ಮಾವ, ಅತ್ತೆ ಇಬ್ಬರನ್ನೂ ಡಯಟಿಶಿಯನ್ ಹತ್ತಿರ ಕಳಿಸಿದರು. ಆ ಹುಡುಗಿ ಡೈರಿ ಓದಿ ಹೇಳಿದಳು, “ಅಂಕಲ್, ಧಾನ್ಯ ಯಾವುದಾದ್ರೂ ಇಷ್ಟು ನುಣ್ಣಗೆ ಅರೆದ್ರೆ ಬೇಗ ಜೀರ್ಣ ಆಗ್ತದೆ, ಶುಗರ್ ಬೇಗ ಏರ್ತದೆ. ತರಿತರಿ ಇರ್ಲಿ. ಒಟ್ಟು ಎಷ್ಟು ತಿಂತೀರಿ ಅನ್ನುವುದೂ ಮುಖ್ಯ.”

ಬೆಣ್ಣೆಯ ಹಾಗೆ ಅರೆಯುವ ಯಂತ್ರ ತಂದದ್ದು ತರಿ ಮಾಡುವುದಕ್ಕಾ? ಮಾವ ಆ ಮಾತನ್ನು ಅಲ್ಲೇ ಬಿಟ್ಟು ಬಂದರು. ಅತ್ತೆ ಬಿಡಲಿಲ್ಲ. ಮರುದಿನದಿಂದ ಮಾವ ಲಿಫ್ಟ್ ಇಳಿದ ಕೂಡಲೇ ಗ್ರೈಂಡರ್ ಆಫ್. ಕಾಳು, ಸೊಪ್ಪು ಸೇರಿಸಿ ತರಿತರಿ ದೋಸೆ. ಹೋಟೆಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದ ಮಾವ ಅರ್ಧ ದೋಸೆಗೆ ಕೈ ತೊಳೆಯುತ್ತಿದ್ದರು. ಕಂಟ್ರೋಲ್ ಎಂದರೆ ಹೀಗಿರಬೇಕು ಎಂದು ಬೇರೆ ಹೇಳುತ್ತಿದ್ದರು.

ಮೂರು ತಿಂಗಳು ಕಳೆದು ಇಬ್ಬರದ್ದೂ ರಿಪೋರ್ಟು ಬಂತು. ಬಾರ್ಡರಿನಲ್ಲಿದ್ದ ಅತ್ತೆಯ ಅಂಕಿ ಇಳಿದಿತ್ತು, ತೂಕವೂ ಇಳಿದಿತ್ತು. ಮಾವನದ್ದು ಇನ್ನೂ ಮೇಲೆ. “ಎಂತ ಎಕ್ಸರ್‌ಸೈಜ್ ಮಾಡ್ತೀರಮ್ಮ?” ಎಂದು ಡಾಕ್ಟ್ರು ಕೇಳಿದರೆ ಅತ್ತೆ ಹೇಳಿದರು, “ಗ್ರೈಂಡರ್ ತೊಳೀತೇನೆ.”

ಮಾವ ಸೋಲುವವರಲ್ಲ. ಮೆಟ್ಟಿಲು ಇಳಿಯುವಾಗಲೇ ತೀರ್ಮಾನ ಹೊರಬಿತ್ತು. “ನೋಡಿದೆಯಾ ಇವಳೇ, ನನ್ನ ಪಥ್ಯ ಕೆಲಸ ಮಾಡ್ತದೆ ಅಂತ ಪ್ರೂವ್ ಆಯ್ತಲ್ಲ!”

“ಆಯ್ತು,” ಎಂದರು ಅತ್ತೆ. “ನಾಳೆಯಿಂದ ನೀವು ಅರೆದು, ತಿಂದು, ತೊಳೀರಿ. ನಾನು ವಾಕಿಂಗ್ ಹೋಗ್ತೇನೆ. ಆ ಹೋಟೆಲು ಯಾವ ಬದಿ ಬರ್ತದೆ?”