ಡೇರೆ ಅತ್ತೆಯ ದಾನ

ನನ್ನ ಸೋದರತ್ತೆ ಶ್ರಾದ್ಧದ ಮನೆಗೆ ಹೋಗುವಾಗಲೂ ಬ್ಯಾಗಿನಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಂಡಿರುತ್ತಾಳೆ. ಕಣ್ಣೊರೆಸಿಕೊಳ್ಳಲಿಕ್ಕಲ್ಲ, ಗಿಡದ ತುಂಡು ಸಿಕ್ಕಿದರೆ ಸುತ್ತಿಡಲಿಕ್ಕೆ. ಸಾಗರದ ಕಡೆಯವಳು. ಮನೆಯ ಮುಂದೆ ಅಂಗಳ, ಹಿಂದೆ ಮುಕ್ಕಾಲು ಎಕರೆ ಹಿತ್ತಲು, ನಡುವೆ ಮಾವ. ಈ ಮೂರರಲ್ಲಿ ಆರೈಕೆಯಿಲ್ಲದೆ ಬೆಳೆದದ್ದು ಮಾವ ಮಾತ್ರ. ಪೇಟೆಯವರು ಡೇಲಿಯಾ ಎನ್ನುವುದನ್ನು ನಮ್ಮ ಕಡೆ ಡೇರೆ ಎನ್ನುತ್ತೇವೆ. ಹಾಗಾಗಿ ಅವಳು ಡೇರೆ ಅತ್ತೆ. ಮಲೆನಾಡಿನಲ್ಲಿ ಊರಿಗೊಬ್ಬಳಾದರೂ ಇಂಥವಳು ಇದ್ದೇ ಇದ್ದಾಳೆ.

ಮಳೆಗಾಲದಲ್ಲಿ ಅವಳನ್ನು ಒಲಿಸುವುದು ಸುಲಭ. ಹೂ ನೋಡಿ "ಅಬ್ಬಾ" ಎಂದರೆ ಸಾಕು, ಕಾಫಿ ಬರುತ್ತದೆ. ಅಸಲಿ ಅತ್ತೆಯನ್ನು ಕಾಣಬೇಕಾದರೆ ಭೂಮಿ ಹುಣ್ಣಿಮೆ ಕಳೆದು ದೀಪಾವಳಿ ಹತ್ತಿರವಾಗುವಾಗ ಹೋಗಬೇಕು. ಗದ್ದೆಯಲ್ಲಿ ಭೂಮಿತಾಯಿಗೆ ಬಯಕೆ ಬಡಿಸಿ ವಾರವಾಗಿರುವುದಿಲ್ಲ, ಅತ್ತೆ ಗುದ್ದಲಿ ಹಿಡಿದು ಹಿತ್ತಲಿಗೆ ಇಳಿದಿರುತ್ತಾಳೆ. ಅಂಗಳದ ಹಾವಸೆ ಕೆರೆಯುವುದು ಮಾವನ ಪಾಲು. ಬೀಜಕ್ಕೆ ಬಿಟ್ಟ ಬೆಂಡೆ, ಹೀರೆ ಕೊಯ್ದು ಬೀಜಕ್ಕೆ ಬೂದಿ ಸವರಿಡಬೇಕು. ಮೊಗೆಕಾಯಿಗಳನ್ನು ಬಾಳೆ ನಾರಿನಲ್ಲಿ ಬಿಗಿದು ಅಟ್ಟದ ಜಂತಿಗೆ ತೂಗುಹಾಕಬೇಕು. ಅದರಡಿ ಹಾಸಿಗೆ ಸಿಕ್ಕಿದ ನೆಂಟನಿಗೆ ರಾತ್ರಿಯಿಡೀ ದೇವರ ಸ್ಮರಣೆ. ಇವೆಲ್ಲ ಅತ್ತೆಯ ಲೆಕ್ಕದಲ್ಲಿ ಚಿಲ್ಲರೆ ಕೆಲಸ. ಹಬ್ಬವೆಂದರೆ ಡೇರೆ ಗಡ್ಡೆ ಕೀಳುವುದು.

ಒಣಗಿದ ಕಾಂಡವನ್ನು ಗೇಣುದ್ದ ಉಳಿಸಿ ಕತ್ತರಿಸುತ್ತಾಳೆ. ಬುಡದಿಂದ ಅಷ್ಟು ದೂರದಲ್ಲಿ ಸುತ್ತಲೂ ಗುದ್ದಲಿ ಹಾಕಿ, ಮಣ್ಣು ಸಡಿಲಾದ ಮೇಲೆ ಎರಡೂ ಕೈಯಲ್ಲಿ ಗೊಂಚಲನ್ನು ಮೇಲೆತ್ತುತ್ತಾಳೆ. ಮೊಮ್ಮಗನನ್ನು ಇಷ್ಟು ಹುಷಾರಾಗಿ ಎತ್ತಿದ್ದು ನಾನು ಕಂಡಿಲ್ಲ. ನೆರಳಲ್ಲಿ ಎರಡು ದಿನ ಆರಿದ ಗಡ್ಡೆ ಒಣ ಮರಳಿನ ಡಬ್ಬಿ ಸೇರುತ್ತದೆ. ಡಬ್ಬಿಗೊಂದು ಚೀಟಿ. ಬರೀ ಬಣ್ಣ ಬರೆದರೆ ಆಗಲಿಲ್ಲ, ಬಂದ ದಾರಿಯೂ ಬೇಕು: 'ತಾಳಗುಪ್ಪದ ಕೆಂಪು', 'ಮ್ಯಾನೇಜರ್ ಹೆಂಡತಿ ಬಿಳಿ', 'ಶ್ರಾದ್ಧದ ನೇರಳೆ'. ಈ ಕೊನೆಯದು, ಎರಡನೇ ಪಂಕ್ತಿಯವರು ಪಾಯಸಕ್ಕೆ ಕಾಯುತ್ತಿದ್ದಾಗ ಆ ಮನೆಯ ಹಿತ್ತಲಿನಿಂದ ಒದ್ದೆ ಬಟ್ಟೆ ಸೇರಿದ್ದು. ಕೇಳಿ ತಂದದ್ದು ಬೇರು ಹಿಡಿಯುವುದಿಲ್ಲ ಎಂಬುದು ಅತ್ತೆಯ ಸಸ್ಯಶಾಸ್ತ್ರ.

ಓದಿದ ಜಂಬದಲ್ಲಿ ನಾನೊಮ್ಮೆ, ಇದರ ತವರು ಮೆಕ್ಸಿಕೊ, 1963ರಲ್ಲಿ ಅಲ್ಲಿ ಇದನ್ನು ರಾಷ್ಟ್ರೀಯ ಹೂವು ಮಾಡಿದರು, ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯವಿಜ್ಞಾನಿಯ ಹೆಸರೇ ಇದಕ್ಕೆ ಬಂತು ಎಂದೆಲ್ಲ ಹೇಳಿದೆ. ಅತ್ತೆ ಗುದ್ದಲಿ ನಿಲ್ಲಿಸಿದಳು.

"ಅವನ ಹತ್ರ ಹಳದಿ ಅಂಚಿನ ಕೆಂಪು ಇತ್ತಂತಾ?"

ಅವಳನ್ನು ಜಿಪುಣಿ ಎಂದರೆ ನಾಲಗೆಗೆ ಹುಳ ಬಿದ್ದೀತು. ಕೇಳಿದವರಿಗೆಲ್ಲ ಕೊಡುತ್ತಾಳೆ. ಆದರೆ ಡೇರೆ ಗಡ್ಡೆಗೆ ಆಲೂಗಡ್ಡೆಯ ಹಾಗೆ ಮೈಯೆಲ್ಲ ಕಣ್ಣಿರುವುದಿಲ್ಲ. ಇರುವುದು ಕುತ್ತಿಗೆ ಕಾಂಡಕ್ಕೆ ಅಂಟುವ ಜಾಗದಲ್ಲಿ ಮಾತ್ರ. ಚಿಗುರು ಬರುವುದೂ ಅಲ್ಲಿಂದಲೇ. ಅದಕ್ಕಿಂತ ಕೆಳಗೆ ಮುರಿದದ್ದು, ಎಷ್ಟೇ ದಪ್ಪಗಿರಲಿ, ಮಣ್ಣೊಳಗೆ ಸುಖವಾಗಿ ಮಲಗುತ್ತದೆ, ಏಳುವುದಿಲ್ಲ. ಅತ್ತೆಗೆ ಇದು ಚೆನ್ನಾಗಿ ಗೊತ್ತು. ತೀರಾ ಬೇಕಾದವರಿಗೆ ಕಿರುಬೆರಳಷ್ಟು, ಕಣ್ಣಿರುವ ಗಡ್ಡೆ. ಆಚೆಮನೆಯವರಿಗೆ ದಪ್ಪನೆಯ, ನುಣ್ಣನೆಯ, ಕುರುಡು ಗಡ್ಡೆ. ಮುಂದಿನ ಆಷಾಢದಲ್ಲಿ ಅವರು "ಹುಟ್ಟಲೇ ಇಲ್ಲವಲ್ಲೇ" ಎಂದು ಬಂದರೆ, "ನಿಮ್ಮನೆ ಮಣ್ಣು ಜಿಗುಟು ಮಾರಾಯ್ತಿ" ಎಂದು ಕನಿಕರಪಡುತ್ತಾಳೆ. ಆ ಕನಿಕರದಲ್ಲಿ ಕಲಬೆರಕೆಯಿಲ್ಲ, ನಾನು ಎದುರಿಗೇ ನಿಂತು ನೋಡಿದ್ದೇನೆ.

ಕಳೆದ ದೀಪಾವಳಿ ಮುಗಿಸಿ ಹೊರಟಾಗ ಅತ್ತೆ ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಕೈಗಿಟ್ಟಳು. "ನಿನ್ನ ಹೆಂಡತಿ ಕೇಳಿದ್ದಳಲ್ಲ, ಶ್ರಾದ್ಧದ ನೇರಳೆ. ಜೋಪಾನ."

ರೈಲಿನಲ್ಲಿ ಬಿಚ್ಚಿ ನೋಡಿದೆ. ಗೆಣಸಿನಷ್ಟು ದಪ್ಪ, ಒಳ್ಳೆ ನುಣುಪು. ತಿರುಗಿಸಿ ತಿರುಗಿಸಿ ಕಣ್ಣು ಹುಡುಕಿದೆ. ಬೀರೂರು ದಾಟಿದರೂ ಸಿಗಲಿಲ್ಲ.

"ಎಷ್ಟು ದೊಡ್ಡದು ಕೊಟ್ಟಿದ್ದಾರೆ ನೋಡಿ!" ಎಂದು ಹೆಂಡತಿ ಬಾಲ್ಕನಿಯ ಕುಂಡದಲ್ಲಿ ನೆಟ್ಟು ದಿನಾ ನೀರು ಹಾಕುತ್ತಿದ್ದಾಳೆ. ನಾನಂತೂ ಬಾಯಿ ಬಿಟ್ಟಿಲ್ಲ.