ಗಾಳಪ್ಪನ ಅಹೋರಾತ್ರಿ

‘ಶನಿವಾರ ರಾತ್ರಿಯಿಡೀ ಮಳೆ, ನೈಋತ್ಯದಿಂದ ಜೋರು ಗಾಳಿ’ ಎಂದು ಹವಾಮಾನ ವರದಿ ಬಂದರೆ ಇಂಗ್ಲೆಂಡಿನವರೆಲ್ಲ ಮುಖ ಸಿಂಡರಿಸುತ್ತಾರೆ. ಒಬ್ಬನ ಮುಖ ಮಾತ್ರ ಅರಳುತ್ತದೆ. ಕಡುಹಸಿರು ಜಾಕೆಟ್ಟು, ಕಿವಿ ಮುಚ್ಚುವ ಉಣ್ಣೆ ಟೋಪಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡಿರುತ್ತಾನೆ. ಸೈನ್ಯಕ್ಕೂ ಅವನಿಗೂ ಏನೇನೂ ಸಂಬಂಧವಿಲ್ಲ. ಅವನ ವ್ಯಾನಿನ ಬಾಗಿಲು ತೆಗೆದರೆ ಅನಾನಸು, ಬೆಳ್ಳುಳ್ಳಿ, ಒಣಮೀನಿನ ಪುಡಿ ಮೂರೂ ಒಟ್ಟಿಗೆ ಮೂಗಿಗೆ ಹೊಡೆಯುತ್ತವೆ. ಈ ದೇಶದ ಯಾವ ಊರಿಗೆ ಹೋದರೂ ಇಂಥವನೊಬ್ಬ ಸಿಗುತ್ತಾನೆ. ನನಗೆ ಸಿಕ್ಕಿರುವವನು ನಾಟಿಂಗ್‌ಹ್ಯಾಮಿನಲ್ಲಿ ನಮ್ಮ ಪಕ್ಕದ ಮನೆಯವನು, ಬಾಯ್ಲರ್ ರಿಪೇರಿ ಕಸುಬಿನವನು. ಹೆಸರೇಕೆ, ನಮ್ಮ ಮನೆಯೊಳಗೆ ಅವನು ಗಾಳಪ್ಪ.

ಗಾಳಪ್ಪ ಅರ್ಥವಾಗಬೇಕಾದರೆ ಮೊದಲು ಇಲ್ಲಿನ ಮೀನುಗಳ ಜಾತಿಪದ್ಧತಿ ಗೊತ್ತಿರಬೇಕು. ಸಾಮನ್, ಟ್ರೌಟ್ ಮೇಲ್ಜಾತಿ. ಅವುಗಳ ಹಿಂದೆ ಹೋಗುವುದು ಹಿಂದಿನಿಂದಲೂ ಎಸ್ಟೇಟು, ಹೊಳೆ ಎರಡನ್ನೂ ಇಟ್ಟುಕೊಂಡ ದೊಡ್ಡ ಮನುಷ್ಯರ ಖಯಾಲಿ. ಉಳಿದ ಸಿಹಿನೀರಿನ ಮೀನುಗಳು, ಅಂದರೆ ಕಾರ್ಪ್, ಬ್ರೀಮ್, ಟೆಂಚ್, ರೋಚ್, ಪರ್ಚ್, ಪೈಕ್ ಎಲ್ಲ ಸೇರಿ ‘ಕೋರ್ಸ್ ಫಿಶ್’. ಗಾಳಪ್ಪ ಈ ಎರಡನೆಯ ಪಂಗಡದ ಭಕ್ತ. ಅದರೊಳಗೂ ಒಳಪಂಗಡವಿದೆ: ಅವನು ಶುದ್ಧ ಕಾರ್ಪ್ ಮತದವನು. ಗಾಳಕ್ಕೆ ಬ್ರೀಮ್ ಬಿದ್ದರೆ ಮೈಲಿಗೆ.

ಇಷ್ಟೆಲ್ಲ ನೇಮನಿಷ್ಠೆಯಿಂದ ಹಿಡಿದ ಮೀನನ್ನು ಅವನು ತಿನ್ನುತ್ತಾನೆಯೇ? ಇಲ್ಲ. ತೂಗುತ್ತಾನೆ, ಫೋಟೊ ಹೊಡೆಸಿಕೊಳ್ಳುತ್ತಾನೆ, ಮತ್ತೆ ನೀರಿಗೆ ಬಿಡುತ್ತಾನೆ. ನಾನು ಕುಂದಾಪುರದ ಕಡೆಯವನು. ಬಂಗುಡೆ, ಬೂತಾಯಿ ನೋಡಿದೊಡನೆ ಸಾರಿಗೋ ಹುರಿಯುವುದಕ್ಕೋ ಎಂದು ಯೋಚಿಸಿ ಅಭ್ಯಾಸವಾದವನು. ಈ ವಿಷಯವನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ, “ಹಿಡ್ದ್ ವಾಪಸ್ ಬಿಡುದಾ? ಅವ್ರಿಗೆ ಮಂಡಿ ಸಮ ಇತ್ತಾ ಮಗಾ?” ಎಂದರು. ‘ಕಾರ್ಪ್ ರುಚಿ ಹೇಗೆ?’ ಎಂದು ಗಾಳಪ್ಪನನ್ನೂ ಒಮ್ಮೆ ಕೇಳಿದ್ದೆ. ಅವನ ಮನೆಯ ನಾಯಿಯ ರುಚಿ ಕೇಳಿದೆನೋ ಎಂಬಂತೆ ನೋಡಿದ. ಪೋಲೆಂಡಿನವರು ಕ್ರಿಸ್‌ಮಸ್ಸಿಗೆ ಕಾರ್ಪ್ ಹುರಿದು ತಿನ್ನುತ್ತಾರೆಂಬುದನ್ನು ಅವನ ಮುಂದೆ ಎತ್ತಬಾರದು ಎಂದು ಅವನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದಳು.

ಆ ಹೆಂಗಸಿನ ತಾಳ್ಮೆ ದೊಡ್ಡದು. ಚಳಿಗಾಲದಲ್ಲಿ ಕಾರ್ಪಿಗೆ ಹಸಿವು ಕಡಿಮೆ, ಆಗ ನೊಣದ ಹುಳುಗಳನ್ನು ಕಟ್ಟಬೇಕಂತೆ. ಹುಳುಗಳು ತಣ್ಣಗಿರದಿದ್ದರೆ ನೊಣವಾಗುವ ಹಾದಿ ಹಿಡಿಯುತ್ತವೆ. ಹೀಗಾಗಿ ಮನೆಯ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದು ಡಬ್ಬಿ ಸದಾ ಮಿಸುಕಾಡುತ್ತಿರುತ್ತದೆ. ಮೇಲಿನ ಖಾನೆ ಮೊಸರು, ಚೀಸಿಗೆ. ಗಡಿ ದಾಟಿದರೆ ವಿಚ್ಛೇದನ ಎಂದು ಅವಳು ನಗುತ್ತಲೇ ಹೇಳುತ್ತಾಳೆ. ಆ ನಗುವಿನಲ್ಲಿ ಎಷ್ಟು ನಗುವಿದೆಯೋ ತಿಳಿಯದು.

ಉಳಿದ ಕಾಲದ ನೈವೇದ್ಯಕ್ಕೆ ‘ಬಾಯ್ಲಿ’ ಎಂದು ಹೆಸರು. ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿ, ಬಣ್ಣ, ಪರಿಮಳ ಸೇರಿಸಿ, ಗೋಲಿ ಗಾತ್ರದ ಉಂಡೆ ಕಟ್ಟಿ ಬೇಯಿಸುವುದು. ಸಣ್ಣಪುಟ್ಟ ಮೀನು ಕಚ್ಚಿ ಹಾಳುಮಾಡದಷ್ಟು ಗಟ್ಟಿ ಇರಬೇಕು. ಸ್ಟ್ರಾಬೆರಿ, ಅನಾನಸು, ಟೂಟಿ ಫ್ರೂಟಿ ಹೀಗೆ ನಾನಾ ರುಚಿ. ನಮ್ಮೂರ ಬೇಕರಿ ಬನ್ನಿನ ಟೂಟಿ ಫ್ರೂಟಿ ಟ್ರೆಂಟ್ ನದಿಯ ಬಯಲಿನ ಕೆರೆಯ ತಳದಲ್ಲಿ ಮೀನಿನ ಬಾಯಿಗೆ ಬೀಳುತ್ತದೆಂದು ಯಾರು ಎಣಿಸಿದ್ದರು! ಇಷ್ಟಾಗಿಯೂ ಉಂಡೆಯನ್ನು ಕೊಕ್ಕೆಗೆ ಚುಚ್ಚುವಂತಿಲ್ಲ. ಕೊಕ್ಕೆಯ ಬೆನ್ನಿಗೆ ಕೂದಲಿನಂಥ ಒಂದು ಎಳೆ ಬಿಟ್ಟು ಅದರ ತುದಿಗೆ ಪೋಣಿಸಬೇಕು. ಕಾರ್ಪ್ ಉಂಡೆಯನ್ನು ಹೀರಿಕೊಳ್ಳುತ್ತದೆ, ಅನುಮಾನ ಬಂದು ಉಗುಳಲು ನೋಡುತ್ತದೆ, ಅಷ್ಟರಲ್ಲಿ ಬರಿಗೊಕ್ಕೆ ತುಟಿಗೆ ನಾಟುತ್ತದೆ. ಇದನ್ನು ಗಾಳಪ್ಪ ನನಗೆ ಚಮಚ, ಬಟಾಣಿ ಇಟ್ಟುಕೊಂಡು ತೋರಿಸಿದ್ದಾನೆ. ಊಟದ ಮೇಜಿನ ಮೇಲೆ ಆ ಬಟಾಣಿ ಒಮ್ಮೆಯೂ ತಪ್ಪಿಸಿಕೊಂಡಿಲ್ಲ.

ಗಾಳ ಹಾಕುವುದಕ್ಕೂ ಪರವಾನಗಿ ಬೇಕು. 13 ವರ್ಷ ತುಂಬಿದವರೆಲ್ಲ ಸರ್ಕಾರದ ಪರಿಸರ ಏಜೆನ್ಸಿಯಿಂದ ಪಡೆಯಬೇಕು. ಎರಡಕ್ಕಿಂತ ಹೆಚ್ಚು ಕೋಲು ಹೂಡುವವರು ಹೆಚ್ಚು ದುಡ್ಡು ತೆರಬೇಕು. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಕೋರ್ಸ್ ಮೀನಿಗೆ ಗಾಳ ಹಾಕುವಂತಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ದಡ ಸೇರಿದರೆ ಮನೆಮನೆಯಲ್ಲಿ ಕೈಸಾಲದ ಮಾತು ಏಳುತ್ತದೆ. ಗಾಳಪ್ಪನದು ವಿರಹ ಮಾತ್ರ. ಅದೂ ಅರ್ಧ ವಿರಹ; ಹೆಚ್ಚಿನ ಕೆರೆಗಳಿಗೆ ಆ ನಿಷೇಧ ಅನ್ವಯಿಸುವುದಿಲ್ಲ.

ನನ್ನನ್ನು ಅವನು ಹಚ್ಚಿಕೊಂಡದ್ದು ಕರ್ನಾಟಕದವನೆಂಬ ಒಂದೇ ಕಾರಣಕ್ಕೆ. ಬೆಂಗಳೂರು ಅವನಿಗೆ ಬೇಡ, ಹಂಪಿ ಗೊತ್ತಿಲ್ಲ. “ಮೈಸೂರು ನಿಮ್ಮದೇ ಅಲ್ವಾ? ಕಬಿನಿ? ವ್ಯಾನ್ ಇಂಗೆನ್, 1946, 120 ಪೌಂಡ್!” ಎಂದು ಬೇಲಿಯ ಆಚೆಯಿಂದ ಒಂದೇ ಉಸಿರಿನಲ್ಲಿ ಹೇಳಿ ಟೋಪಿ ತೆಗೆದ. ಮೈಸೂರಿನ ವ್ಯಾನ್ ಇಂಗೆನ್ ಮನೆತನವೆಂದರೆ ಸತ್ತ ಹುಲಿಗಳಿಗೆ ಹೊಟ್ಟು ತುಂಬಿ ನಿಲ್ಲಿಸುತ್ತಿದ್ದವರು ಎಂಬಷ್ಟೇ ನನಗೆ ಗೊತ್ತಿದ್ದದ್ದು. ಅವರಲ್ಲೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್, ಕಾವೇರಿ ದಂಡೆಯವರ ಬಿಳಿಮೀನು, 54 ಕಿಲೋ ಇತ್ತಂತೆ. ಗಾಳಪ್ಪ ಅದನ್ನು ನಾನೇ ಹಿಡಿದೆನೇನೋ ಎಂಬಷ್ಟು ಗೌರವದಿಂದ ನನ್ನ ಕೈ ಕುಲುಕಿದ. ಆ ಗೌರವದ ಬೆಲೆಯಾಗಿ ಅಕ್ಟೋಬರ್ ಕೊನೆಯ ಒಂದು ಶನಿವಾರ ನಾನು ಅವನ ವ್ಯಾನು ಹತ್ತಬೇಕಾಯಿತು.

ಒಟ್ಟು ನಾಲ್ವರು: ಗಾಳಪ್ಪ, ಅವನ ಹೆಂಡತಿಯ ತಮ್ಮ, ಮಾತು ನಿಲ್ಲಿಸದ ಒಬ್ಬ ಎಲೆಕ್ಟ್ರಿಷಿಯನ್, ಮತ್ತೆ ನಾನು. ಜಲ್ಲಿ ತೆಗೆದು ಬಿಟ್ಟ ಗುಂಡಿಯಲ್ಲಿ ನೀರು ನಿಂತು ಆದ ಕೆರೆ. ವ್ಯಾನಿನಿಂದ ದಂಡೆಗೆ ಅರ್ಧ ಮೈಲಿ ಕೆಸರು. ಒಂಟಿಚಕ್ರದ ಕೈಗಾಡಿಯ ಮೇಲೆ ಡೇರೆ, ಮಂಚ, ಒಲೆ, ಕುರ್ಚಿ, ತಕ್ಕಡಿ, ಮೀನಿಗೆ ಮಲಗಲು ಮೆತ್ತನೆಯ ಹಾಸಿಗೆ, ಮೂರು ಗಾಳಕೋಲು. ಮಂಚದ ಮೇಲಿನದಕ್ಕಿಂತ ಮೀನಿನ ಹಾಸಿಗೆಯೇ ದಪ್ಪಗಿತ್ತು. ನಾನು ಮುಟ್ಟಿ ನೋಡಿದ್ದೇನೆ.

ಗಡಿಯಾರಗಳನ್ನು ಒಂದು ತಾಸು ಹಿಂದಕ್ಕೆ ತಿರುಗಿಸುವ ವಾರವದು. ಐದು ಗಂಟೆಗೆಲ್ಲ ಕತ್ತಲೆ, ಬೆಳಕು ಹರಿಯುವುದು ಸುಮಾರು 14 ತಾಸಿನ ಮೇಲೆ. ಮಳೆ ನಮ್ಮ ಕಡೆಯ ಹಾಗೆ ಹೊಡೆದು ಮುಗಿಸುವುದಿಲ್ಲ. ಸಣ್ಣಗೆ, ಅಡ್ಡಡ್ಡ, ಕಾಲರಿನೊಳಗೆ ದಾರಿ ಮಾಡಿಕೊಂಡು ಬೆನ್ನುಹುರಿಗುಂಟ ಇಳಿಯುತ್ತದೆ. 1653ರಷ್ಟು ಹಿಂದೆಯೇ ಐಜಾಕ್ ವಾಲ್ಟನ್ ತನ್ನ ಪುಸ್ತಕದ ಶೀರ್ಷಿಕೆಯಲ್ಲಿ ಗಾಳ ಹಾಕುವುದನ್ನು ಚಿಂತನಶೀಲನ ವಿನೋದ ಎಂದು ಕರೆದಿದ್ದಾನೆ. ಆ ರಾತ್ರಿಯ ಚಿಂತನೆಗಳನ್ನು ನಾನು ಹತ್ತಿರದಿಂದ ಕೇಳಿದೆ. ಬೇಕನ್ ಸ್ಯಾಂಡ್‌ವಿಚ್ಚಿಗೆ ಕೆಂಪು ಸಾಸೋ ಕಂದು ಸಾಸೋ ಎಂಬುದರ ಮೇಲೆ ಮುಕ್ಕಾಲು ತಾಸು. ಬಾಯ್ಲರಿನಲ್ಲಿ ಒತ್ತಡ ಇಳಿಯುವ ಬಗ್ಗೆ ಒಂದು ತಾಸು. ಎಲೆಕ್ಟ್ರಿಷಿಯನ್ನನ ಮೊದಲ ಹೆಂಡತಿಯ ಬಗ್ಗೆ ಎರಡೇ ನಿಮಿಷ. ಗಂಡಸರು ಅಂಥ ಮಾತನ್ನು ಎರಡು ನಿಮಿಷ ಆಡಬೇಕಾದರೆ ಇಷ್ಟು ಕತ್ತಲೆ, ಇಷ್ಟು ಮಳೆ, ಮುಖ ನೋಡದೆ ಕೂರಲು ಎದುರಿಗೊಂದು ಕೆರೆ ಬೇಕಾಗುತ್ತದೆ. ಉಳಿದ ಸಾಮಾನೆಲ್ಲ ಇದಕ್ಕಾಗಿಯೇ ಎಂದು ನನ್ನ ಗುಮಾನಿ.

ಹನ್ನೊಂದಕ್ಕೆ ಪುರಾಣ ಶುರುವಾಯಿತು. 1952ರ ಸೆಪ್ಟೆಂಬರ್ 13ರಂದು ಹೆರೆಫರ್ಡ್‌ಶೈರಿನ ರೆಡ್‌ಮೈರ್ ಕೊಳದಲ್ಲಿ ರಿಚರ್ಡ್ ವಾಕರ್ 44 ಪೌಂಡಿನ ಕಾರ್ಪ್ ಹಿಡಿದ ಕಥೆ. ಅದನ್ನು ಲಂಡನ್ ಮೃಗಾಲಯಕ್ಕೆ ಒಯ್ದರು, ಕ್ಲಾರಿಸ್ಸಾ ಎಂದು ಹೆಸರಾಯಿತು, 1971ರವರೆಗೂ ಅದು ಅಲ್ಲೇ ಬದುಕಿತು. ಮೀನು ಎಳೆದರೆ ಕೂಗುವ ವಿದ್ಯುತ್ ಅಲಾರಾಂ ಕೂಡ ವಾಕರನ ಕೊಡುಗೆಯೇ. ಗಾಳಪ್ಪ ಇದನ್ನು ಎಷ್ಟು ಸಲ ಹೇಳಿರಬಹುದೆಂದರೆ, ಅವನು ಕೆಮ್ಮಲು ನಿಂತಾಗ ಭಾವಮೈದ ಕಣ್ಣು ಮುಚ್ಚಿಕೊಂಡೇ ಮುಂದಿನ ವಾಕ್ಯ ಒಪ್ಪಿಸಿದ.

ಅಲಾರಾಂ ಅಂತೂ ಮಳೆಹನಿಗೂ ಒಮ್ಮೊಮ್ಮೆ ‘ಪೀಂ’ ಎನ್ನುತ್ತಿತ್ತು. ಪ್ರತಿ ಪೀಂಗೂ ಗಾಳಪ್ಪ ಚಹಾದ ಲೋಟ ತುಟಿಯ ಹತ್ತಿರವೇ ನಿಲ್ಲಿಸಿ ಕೆರೆ ನೋಡುತ್ತಿದ್ದ. ಮೀನು ಏಕೆ ಬೀಳುತ್ತಿಲ್ಲ ಎಂಬುದಕ್ಕೆ ಅವನ ಬಳಿ ಕಾರಣಗಳ ಕೊರತೆಯಿಲ್ಲ. ಸಂಜೆ ಗಾಳಿ ತಿರುಗಿತು. ಎಂಟಕ್ಕೆ ಒತ್ತಡ ಏರಿತು. ಹತ್ತಕ್ಕೆ ಚಂದ್ರ ಸರಿಯಿಲ್ಲ ಎಂದ. ಮೋಡದಲ್ಲಿ ಚಂದ್ರ ಎಲ್ಲಿದ್ದಾನೆಂದೇ ನಮಗೆ ಕಾಣುತ್ತಿರಲಿಲ್ಲ. ಹನ್ನೆರಡಕ್ಕೆ ನನ್ನ ಬಿಳಿ ಶೂ ಮೀನಿಗೆ ಕಾಣುತ್ತಿದೆ ಎಂದು ಅದರ ಮೇಲೆ ಗೋಣಿಚೀಲ ಹಾಕಿಸಿದ. ಕಾಲು ಬೆಚ್ಚಗಾದದ್ದರಿಂದ ನಾನೂ ತಕರಾರು ಮಾಡಲಿಲ್ಲ.

ಬೆಳಗಿನ ಜಾವ ಮೂರಕ್ಕೆ ಅಲಾರಾಂ ಒಂದೇ ಸಮನೆ ಅರಚಿತು. ಡೇರೆಯ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು. ಗಾಳಪ್ಪ ಅದರ ಕೆಳಗಿನಿಂದ ತೆವಳಿಕೊಂಡು, ಉದ್ದ ಒಳಚಡ್ಡಿ, ಒಂದೇ ಬೂಟಿನಲ್ಲಿ ಹೊರಗೆ ಬಿದ್ದ. ಕೋಲು ಎತ್ತಿದ. ಎರಡು ಸಲ ರೀಲು ಸುತ್ತಿದ್ದಷ್ಟೇ, ಹೆಗಲು ಜೋತುಬಿತ್ತು. ಬಲೆಗೆ ಬಂದದ್ದು ಮೂರು ಪೌಂಡಿನ ಬ್ರೀಮ್. ತಟ್ಟೆಯಂತೆ ಚಪ್ಪಟೆ ಮೈ, ಅದರ ತುಂಬ ನೂಲು ನೂಲಾಗಿ ಇಳಿಯುವ ಲೋಳೆ. ಅವನು ಮುಖ ಆಚೆ ತಿರುಗಿಸಿ ಕೊಕ್ಕೆ ಬಿಡಿಸಿ, ಮೀನನ್ನು ನೀರಿಗೆ ಬಿಟ್ಟು, ಆ ಕೊರೆಯುವ ಕೆರೆಯಲ್ಲಿ ಮೊಣಕೈವರೆಗೆ ತೊಳೆದುಕೊಂಡ. “ಒಂದು ಸಿಕ್ಕಿತಲ್ಲ ಮಾರಾಯ” ಎಂದೆ. “ಲೆಕ್ಕಕ್ಕಿಲ್ಲ” ಎಂದ.

ಭಾವಮೈದ ಇಷ್ಟಕ್ಕೆಲ್ಲ ಎಚ್ಚರವಾಗಿರಲಿಲ್ಲ. ತನ್ನ ಅಲಾರಾಮಿನ ಸದ್ದು ನಿದ್ದೆಗೆ ತೊಂದರೆ ಎಂದು ಆಫ್ ಮಾಡಿ ಮಲಗಿದ್ದ. ಏಳು ಗಂಟೆಯ ಮಂಕು ಬೆಳಕಿನಲ್ಲಿ ಅವನ ರೀಲು ತಾನೇ ಗಿರಗಿರ ತಿರುಗುತ್ತಿದ್ದುದನ್ನು ಮೊದಲು ನೋಡಿದವನು ಗಾಳಪ್ಪನೇ. ಪಂಗಡದ ನಿಯಮದ ಪ್ರಕಾರ ಇನ್ನೊಬ್ಬನ ಕೋಲು ಮುಟ್ಟುವಂತಿಲ್ಲ. ಭಾವಮೈದನ ಭುಜ ಹಿಡಿದು ಅಲ್ಲಾಡಿಸಿದ, ಬೈದ, ಕೊನೆಗೆ ಮಂಚ ಸಮೇತ ಓರೆ ಮಾಡಿದ. ಅವನು ಆಕಳಿಸುತ್ತ ಎಳೆದು ತಂದದ್ದು 23 ಪೌಂಡಿನ ಮಿರರ್ ಕಾರ್ಪ್. ಗಾಳಪ್ಪ ಬಾಗಿ ನೋಡಿದವನೇ, “ಇದು ನಮ್ಮ ಅರ್ಧಚಂದ್ರ! ಮೇ ತಿಂಗಳಲ್ಲಿ 24 ಇತ್ತು, ಇಳಿದಿದೆ ಪಾಪ” ಎಂದ. ಬೆನ್ನ ಮೇಲೆ ಅರ್ಧಚಂದ್ರಾಕಾರದ ಒಂದು ಹುರುಪೆಯಿತ್ತು. ಫೋಟೊಕ್ಕೆ ಮೀನನ್ನು ಹೇಗೆ ಕ್ಯಾಮೆರಾದತ್ತ ತೋಳು ಚಾಚಿ ಹಿಡಿದರೆ ದೊಡ್ಡದಾಗಿ ಕಾಣುತ್ತದೆಂದು ಭಾವಮೈದನಿಗೆ ಅವನೇ ಹೇಳಿಕೊಟ್ಟ. ಮಲಗಿದ್ದಾಗ ಬಿದ್ದದ್ದು ನಿಜವಾಗಿ ಹಿಡಿದ ಲೆಕ್ಕವೇ ಎಂಬ ಪ್ರಶ್ನೆಯನ್ನು ಮಾತ್ರ ಮಧ್ಯೆ ಮಧ್ಯೆ ಎತ್ತುತ್ತಿದ್ದ.

ಕೊಕ್ಕೆ ಬಿಡಿಸುವಾಗ ಮೀನು ಒಮ್ಮೆ ಕೊಸರಿ ಗಾಳಪ್ಪನ ಹೆಬ್ಬೆರಳಿಗೆ ಕೊಕ್ಕೆ ಗೀರಿತು. ರಕ್ತ ಮಳೆನೀರಿನ ಜೊತೆ ಮಣಿಕಟ್ಟಿಗೆ ಇಳಿಯುತ್ತಿತ್ತು. ಅವನು ಜೇಬಿನಿಂದ ಒಂದು ಸಣ್ಣ ಶೀಸೆ ತೆಗೆದು, ಹಲ್ಲಿನಲ್ಲಿ ಮುಚ್ಚಳ ತಿರುಗಿಸಿ, ಹತ್ತಿಗೆ ಔಷಧಿ ಹನಿಸಿ, ಮೀನಿನ ತುಟಿಯಲ್ಲಿ ಕೊಕ್ಕೆ ನಾಟಿದ್ದ ಸೂಜಿಮೊನೆಯಷ್ಟು ಜಾಗಕ್ಕೆ ಉಸಿರು ಬಿಗಿಹಿಡಿದು ಒತ್ತಿದ. ಶೀಸೆ ಜೇಬಿಗೆ ಹೋಗುವ ಮೊದಲು, “ನಿನ್ನ ಬೆರಳಿಗೂ ಒಂದಿಷ್ಟು ಹಚ್ಚಿಕೊ ಮಾರಾಯ” ಎಂದು ನಾನು ಕೈಚಾಚಿದೆ.

“ಛೆ, ಇದು ಮೀನಿಂದು” ಎಂದ.