ಅಥ ಶ್ವಾನದುರ್ಗಂಧಧ್ವಂಸವಾದ

ಗ್ರಂಥ ಶುರುಮಾಡುವವರು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ವಿಷಯ: ಸ್ಕಂಕ್ ಎಂಬ ಪ್ರಾಣಿಯಿಂದ ಅಭಿಷೇಕಗೊಂಡ ನಾಯಿ. ಪ್ರಯೋಜನ: ರಾತ್ರಿ ಮನೆಯೊಳಗೆ ಮಲಗುವುದು. ಸಂಬಂಧ: ನಾಯಿ ಮಗಳದು, ಹಿತ್ತಿಲ ಬಾಗಿಲು ತೆಗೆದವನು ನಾನು. ಅಧಿಕಾರಿ: ಪಾಠಶಾಲೆಯಲ್ಲಿ ಮೂವತ್ತು ವರ್ಷ ತರ್ಕ ಹೇಳಿ ನಿವೃತ್ತನಾಗಿ, ಆರು ತಿಂಗಳ ಮಟ್ಟಿಗೆ ಶಿಕಾಗೋ ಪಕ್ಕದ ಊರಿಗೆ ಬಂದು, ಮಗಳು ಅಳಿಯ ಸಿನಿಮಾಕ್ಕೆ ಹೋದ ರಾತ್ರಿ ಮನೆ ಕಾಯುತ್ತಿದ್ದವನು.

ಇನ್ನು ಲಕ್ಷಣ. ‘ಕಪ್ಪು ಮೈಮೇಲೆ ಬಿಳಿ ಪಟ್ಟೆ ಉಳ್ಳದ್ದು ಸ್ಕಂಕ್’ ಎಂದರೆ ಅಳಿಯನ ಟ್ರ್ಯಾಕ್ ಪ್ಯಾಂಟಿಗೆ ಅತಿವ್ಯಾಪ್ತಿ. ಆದ್ದರಿಂದ ‘ಬಾಲ ಎತ್ತಿದರೆ ಎದುರಿಗಿದ್ದವರು ಓಡುವಂಥದ್ದು’ ಎಂಬ ವಿಶೇಷಣ ಸೇರಿಸತಕ್ಕದ್ದು. ಇದರ ಶಾಸ್ತ್ರೀಯ ಹೆಸರು ಮೆಫೈಟಿಸ್ ಮೆಫೈಟಿಸ್. ಲ್ಯಾಟಿನ್ನಿನಲ್ಲಿ ಅದು ದುರ್ನಾತವನ್ನು ಹೇಳುವ ಮಾತಂತೆ; ಹಾಗಾದರೆ ಹೆಸರು ನಾತ-ನಾತ ಎಂದಾಯಿತು. ಪುನರುಕ್ತಿ ದೋಷವೆಂದು ಯಾರಾದರೂ ಆಕ್ಷೇಪಿಸಿದರೆ ಅವರು ಅದರ ಹತ್ತಿರ ಹೋಗಿಲ್ಲವೆಂದೇ ತಿಳಿಯಬೇಕು. ಇದು ದ್ವಿರುಕ್ತಿ. ಓಡು ಓಡು ಎಂಬಂತೆ. ಹಿಂದೆ ಇದನ್ನು ನೀರುನಾಯಿಯ ಕುಟುಂಬಕ್ಕೆ ಸೇರಿಸಿದ್ದರು. 1997ರಲ್ಲಿ ಡಿಎನ್‌ಎ ನೋಡಿದ ವಿದ್ವಾಂಸರು ಇದಕ್ಕೆ ಬೇರೆ ಮನೆ ಹೂಡಬೇಕೆಂದು ವಾದಿಸಿದರು. ನೀರುನಾಯಿಗಳು ತಕರಾರು ಮಾಡಿದಂತಿಲ್ಲ.

ಹಾಗೆಂದು ಸ್ಕಂಕ್ ಅಸಭ್ಯವಲ್ಲ. ಮೊದಲು ಮುಂಗಾಲನ್ನು ನೆಲಕ್ಕೆ ಬಡಿಯುತ್ತದೆ, ಬುಸುಗುಟ್ಟುತ್ತದೆ, ಬಾಲ ಎತ್ತುತ್ತದೆ. ಇಷ್ಟಾದರೂ ಎದುರಾಳಿ ವಾದ ನಿಲ್ಲಿಸದಿದ್ದರೆ ಮಾತ್ರ ಸುಮಾರು ಮೂರು ಮೀಟರ್ ದೂರದವರೆಗೆ ನಾತದ ದ್ರವವನ್ನು ಗುರಿಯಿಟ್ಟು ಹೊಡೆಯುತ್ತದೆ. ನಮ್ಮ ವಿದ್ವತ್ಸಭೆಗಳಲ್ಲಿ ಇಷ್ಟು ಮುನ್ಸೂಚನೆ ಕೊಡುವ ಪದ್ಧತಿಯೂ ಇಲ್ಲ. ಮನೆಯ ಲ್ಯಾಬ್ರಡಾರ್ ಕರಿಯನಿಗೆ ಪೂರ್ವಪಕ್ಷ ಕೇಳುವ ತಾಳ್ಮೆ ಇರಲಿಲ್ಲ. ನೇರ ಮೂಗು ಚಾಚಿದ. ಮುಖಕ್ಕೇ ಬಿತ್ತು.

ಪರ್ವತದಲ್ಲಿ ಬೆಂಕಿ ಇದೆ, ಹೊಗೆ ಇರುವುದರಿಂದ, ಅಡುಗೆಮನೆಯಂತೆ ಎಂದು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಅಂದು ಕರಿಯ ಹಿತ್ತಿಲಿನಿಂದ ನುಗ್ಗಿ ಬಂದು ನಿಂತದ್ದು ಅಡುಗೆಮನೆಯಲ್ಲೇ. ದೃಷ್ಟಾಂತವೇ ಕಾಲು ಮೂಡಿ ಮನೆಗೆ ಬಂದಂತಾಯಿತು.

ಪರಿಹಾರದಲ್ಲಿ ಮತಭೇದವುಂಟು. ಮೊದಲನೆಯದು ಟೊಮೆಟೊ ಮತ. ಅಮೆರಿಕದ ಅಜ್ಜಿಯಂದಿರ ಸಂಪ್ರದಾಯ ಇದು: ನಾಯಿಗೆ ಟೊಮೆಟೊ ರಸದ ಸ್ನಾನ. ಎರಡನೆಯದು ನಾನೇ ನಿರುಕ್ತದಿಂದ ಸಾಧಿಸಿದ್ದು. ಶಿಕಾಗೋ ಹೆಸರು ಬಂದದ್ದು ಇಲ್ಲಿನ ಮೂಲನಿವಾಸಿಗಳ ಮಯಾಮಿ-ಇಲಿನಾಯ್ ನುಡಿಯ ‘ಶಿಕಾಕ್ವಾ’ ಎಂಬ ಮಾತಿನಿಂದ. ಕಾಡು ಈರುಳ್ಳಿಯ ಜಾತಿಯ ಒಂದು ಗಿಡಕ್ಕೂ ಪಟ್ಟೆಯ ಸ್ಕಂಕಿಗೂ ಅದೇ ಹೆಸರು. ಶಿಕಾಕ್ವಾ, ಶಿಕಾಕಾಯಿ! ಊರಿನ ಹೆಸರಿನಲ್ಲೇ ರೋಗ, ರೋಗದ ಹೆಸರಿನಲ್ಲೇ ಮದ್ದು. ಮಗಳ ಕಪಾಟಿನಲ್ಲಿದ್ದ ಸೀಗೆಪುಡಿಗೆ ಐದು ಡಬ್ಬಿ ಟೊಮೆಟೊ ಬೆರೆಸಿ ಕರಿಯನಿಗೆ ಮೆತ್ತಿದೆ. ಮುಕ್ಕಾಲು ಗಂಟೆ ತಿಕ್ಕಿದ ಮೇಲೆ ವಾಸನೆ ಹೋಗಿತ್ತು. ಸಮನ್ವಯವಾಯಿತೆಂದು ಹೆಮ್ಮೆಯಿಂದ ಸೋಫಾದ ಮೇಲೆ ಕೂತೆ. ನಾಯಿಯೂ ಕೂತಿತು.

ಮಗಳು ಕಾರಿನಿಂದ ಇಳಿಯದೆಯೇ ಮೂಗು ಮುಚ್ಚಿಕೊಂಡಳು.

ಇಲ್ಲೇ ಈ ಪ್ರಬಂಧದ ಗಂಟು ಇರುವುದು. ಹೋದದ್ದು ವಾಸನೆಯಲ್ಲ, ನನ್ನ ಮೂಗು. ಒಂದೇ ನಾತವನ್ನು ಹೊತ್ತುಗಟ್ಟಲೆ ಮೂಸಿದ ಮೂಗು ಅದನ್ನು ಲೆಕ್ಕದಿಂದ ಬಿಡುತ್ತದೆ; ಟೊಮೆಟೊ ಮಾತ್ರ ಹೊಸದಾಗಿ ಮೂಗಿಗೆ ಬಡಿಯುತ್ತದೆ. ಗಂಧದ ಅಭಾವ ಬೇರೆ, ಗಂಧಜ್ಞಾನದ ಅಭಾವ ಬೇರೆ. ಇವೆರಡನ್ನೂ ಒಂದೇ ಎಂದವನನ್ನು ನಾನೇ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಸಿದ್ಧಾಂತವನ್ನು ಮಂಡಿಸಿದವನು ಅಳಿಯ, ರಸಾಯನಶಾಸ್ತ್ರ ಓದಿದವನು. ದ್ರವದ ನಾತಕ್ಕೆ ಮೂಲ ಥಯಾಲ್‌ಗಳೆಂಬ ಗಂಧಕದ ಸಂಯುಕ್ತಗಳು. ಅವು ಎಣ್ಣೆಯ ಗುಣದವು, ನೀರಿಗೆ ಜಗ್ಗುವುದಿಲ್ಲ. ಕೋಟಿಯಲ್ಲಿ ಒಂದು ಪಾಲಿದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ಇಲಿನಾಯ್‌ನ ಪಾಲ್ ಕ್ರೀಬಾಮ್ ಎಂಬ ರಸಾಯನಜ್ಞ ಪ್ರಯೋಗಶಾಲೆಯ ಕೊಳೆತ ಮೊಟ್ಟೆಯ ನಾತ ಕಳೆಯಲು ಒಂದು ದ್ರಾವಣ ಬಳಸುತ್ತಿದ್ದ. ಸಹೋದ್ಯೋಗಿಯ ಬೆಕ್ಕು ಸ್ಕಂಕಿನ ಕೈಗೆ ಸಿಕ್ಕಾಗ ಅದನ್ನೇ ಹದಗೊಳಿಸಿ ಕೊಟ್ಟ. 1993ರಲ್ಲಿ ಅದು ರಸಾಯನಜ್ಞರ ಪತ್ರಿಕೆಯಲ್ಲಿ ಬಂತು. ಪಾಕ ಹೀಗೆ: ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಹತ್ತಿರಹತ್ತಿರ ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್ಪು, ಪಾತ್ರೆ ತೊಳೆಯುವ ಸೋಪು ಒಂದು ಚಮಚ. ಸೋಪು ಎಣ್ಣೆಯನ್ನು ಬಿಡಿಸುತ್ತದೆ; ಸೋಡಾದ ಬೆಂಬಲದಿಂದ ಪೆರಾಕ್ಸೈಡ್ ಥಯಾಲ್‌ಗೆ ಆಮ್ಲಜನಕ ಅಂಟಿಸಿ ನಾತವಿಲ್ಲದ ವಸ್ತುವಾಗಿಸುತ್ತದೆ. ಒಣ ಕೂದಲಿಗೇ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ಕಣ್ಣಿಗೆ ತಾಗಬಾರದು. ಮಿಕ್ಕದ್ದನ್ನು ಬಾಟಲಿಯಲ್ಲಿ ಮುಚ್ಚಿಟ್ಟರೆ ಆಮ್ಲಜನಕ ಉಬ್ಬಿ ಸಿಡಿಯುತ್ತದೆ; ಅದಕ್ಕೇ ಇದು ಅಂಗಡಿಯಲ್ಲಿ ಸೀಸೆಗೆ ತುಂಬಿ ಸಿಗದು, ಪ್ರತಿಸಲ ಹೊಸದಾಗಿ ಕಲಸಬೇಕು. ಕೂದಲ ಬಣ್ಣ ತಿಳಿಯಾಗುವುದೂ ಉಂಟು. ಕರಿಯನ ಬೆನ್ನು ಈಗ ಅಲ್ಲಲ್ಲಿ ಕಂದು, ಹೆಸರಿಗೆ ಅವ್ಯಾಪ್ತಿ.

(ಪ್ರಾಣಿಯ ಗ್ರಂಥಿಯಿಂದ ಬಂದದ್ದೆಲ್ಲ ಹೇಯವೆನ್ನುವವರು ತಿರುಪತಿಗೆ ಹೋಗಿಬರಲಿ. ಶುಕ್ರವಾರದ ಅಭಿಷೇಕವಾದ ಮೇಲೆ ತಿಮ್ಮಪ್ಪನಿಗೆ ಹಚ್ಚುವ ಪುನುಗಿನ ತೈಲವೂ ಒಂದು ಬೆಕ್ಕಿನ ಬಾಲದ ಬುಡದ್ದೇ.)

ಅಳಿಯನ ದ್ರಾವಣ ಹಚ್ಚಿ ಕರಿಯನನ್ನು ತೊಳೆದು, ಎಲ್ಲ ಮುಗಿಯಿತೆಂದುಕೊಂಡೆವು. ನಾಲ್ಕನೆಯ ದಿನ ಮಳೆ ಬಂತು. ನೆನೆದ ಕರಿಯ ಒಳಗೆ ಬಂದ. ಜೊತೆಗೆ ಅದೂ ಬಂತು. ಧ್ವಂಸಾಭಾವಕ್ಕೆ ಆದಿ ಉಂಟು, ಅಂತ್ಯವಿಲ್ಲ. ಒಮ್ಮೆ ಒಡೆದ ಮಡಕೆ ತಾನಾಗಿ ಕೂಡಿಕೊಳ್ಳುವುದಿಲ್ಲ. ನಾತದ ಧ್ವಂಸವಾಗಿದ್ದರೆ ಮತ್ತೆ ಹುಟ್ಟಿದ್ದು ಹೇಗೆ? ಶಾಸ್ತ್ರವೇ ಕುಸಿಯಿತೆಂದು ನಾನು ಕಂಗಾಲಾದೆ. ಅಳಿಯ ಬಿಡಿಸಿದ. ಕ್ಯಾಲಿಫೋರ್ನಿಯಾದ ವಿಲಿಯಂ ವುಡ್ 1990ರಲ್ಲಿ ಈ ದ್ರವವನ್ನು ಮತ್ತೆ ಶೋಧಿಸಿದಾಗ ಥಯಾಲ್‌ಗಳ ಜೊತೆ ಥಯೋಅಸಿಟೇಟ್‌ಗಳೂ ಇದ್ದವಂತೆ. ಅವುಗಳಿಗೆ ಅಂಥ ನಾತವಿಲ್ಲ. ನೀರು ತಾಗಿದಾಗ ಮೆಲ್ಲಗೆ ಥಯಾಲ್ ಆಗುತ್ತವೆ. ಕಣ್ಣಿಗೆ ಹೆದರಿ ಕಿವಿ, ಕೆನ್ನೆಗೆ ನಾವು ಸರಿಯಾಗಿ ಹಚ್ಚಿರಲಿಲ್ಲ. ಅಲ್ಲಿ ಅವು ಕಾದಿದ್ದವು.

ಅಂದರೆ ನಾವು ನಾಲ್ಕು ದಿನ ಸುಖವಾಗಿ ಅನುಭವಿಸಿದ್ದು ಧ್ವಂಸಾಭಾವವೇ ಅಲ್ಲ, ಪ್ರಾಗಭಾವ! ಹೋದ ವಾಸನೆ ಬಂದದ್ದಲ್ಲ, ಇನ್ನೂ ಹುಟ್ಟದಿದ್ದ ವಾಸನೆ ಹುಟ್ಟಿತು. ಶಾಸ್ತ್ರ ಉಳಿಯಿತು. ಖುಷಿಯಲ್ಲಿ ನಾನು ಕರಿಯನನ್ನು ತಬ್ಬಿಕೊಂಡೆ, ಆಮೇಲೆ ನನಗೂ ಅಂಗಿ ಬದಲಿಸಬೇಕಾಯಿತು.

ಹಳೆಯ ದ್ರಾವಣ ಇಡುವಂತಿರಲಿಲ್ಲವಲ್ಲ, ಅಳಿಯ ಪೆರಾಕ್ಸೈಡ್ ತರಲು ಮಳೆಯಲ್ಲೇ ಹೊರಟ. ಅದೇ ಬಿಳಿ ಪಟ್ಟೆಯ ಕಪ್ಪು ಪ್ಯಾಂಟು ಹಾಕಿದ್ದ. ಅವನು ಬೂಟು ಮೆಟ್ಟಿ ಕಾಲನ್ನು ನೆಲಕ್ಕೆ ಎರಡು ಸಲ ಬಡಿದದ್ದೇ ತಡ, ಕರಿಯ ಮಂಚದ ಕೆಳಗೆ ನುಸುಳಿದ.